ಆ ಭಾನುವಾರ ನಿಂತುಹೋದ ಮುಂಜಿ

ನಮ್ಮ ಮೊದಲ ಮಗ ಹುಟ್ಟಿದ್ದು ದೆಹಲಿಯ ಚಳಿಗಾಲದಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ವಸಂತ್ ಕುಂಜ್‌ನಲ್ಲಿ ಎರಡನೆಯ ಮಹಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ನನ್ನ ಗಂಡ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಎಂಜಿನಿಯರು. ಮಂಜು ಕರಗುವ ಮೊದಲೇ ಕಂಪನಿಯ ಬಸ್ಸು ಹತ್ತುತ್ತಿದ್ದರು. ದಿನವಿಡೀ ನಾನು, ಮಗು ಮತ್ತು ತಲೆಯ ಮೇಲೆ ಇಳಿಯುವ ವಿಮಾನಗಳ ಸದ್ದು.

ನಾವು ಚಿತ್ರದುರ್ಗದ ಕಡೆಯ ಪಿಂಜಾರರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ಹಿರಿಯರ ಕಸುಬು, ಮನೆಮಾತು ಕನ್ನಡ. ದೆಹಲಿಯಲ್ಲಿ ಇದನ್ನು ಯಾರಿಗೂ ನಂಬಿಸಲು ಆಗುತ್ತಿರಲಿಲ್ಲ. ಹೆಸರು ಕೇಳಿದವರು ಸೊಗಸಾದ ಉರ್ದುವಿನಲ್ಲಿ ಮಾತು ಶುರು ಮಾಡುವರು, ನಾನು ತರಕಾರಿ ಭಯ್ಯಾನಿಂದ ಕಲಿತ ಹಿಂದಿಯಲ್ಲಿ ತಡವರಿಸುವೆ, ಅವರು ಮರುಕದಿಂದ ನನ್ನ ಗಂಡನ ಮುಖ ನೋಡುವರು.

ಬಾಣಂತನಕ್ಕೆಂದು ಅತ್ತೆ ಊರಿನಿಂದ ಬಂದಿದ್ದರು. ನನಗೆ ತಾಯಿ ಇರಲಿಲ್ಲ. ಅತ್ತೆ ರೈಲಿನಲ್ಲಿ ಹೊತ್ತು ತಂದ ಚೀಲದಲ್ಲಿ ಶಾವಿಗೆ, ಅಂಟಿನುಂಡೆ, ಜೊತೆಗೆ ತಾವೇ ಹಿಂಜಿ ಹೊಲಿದ ಒಂದು ಪುಟ್ಟ ಹತ್ತಿ ಹಾಸಿಗೆ ಇತ್ತು. ಮಗುವನ್ನು ಅದರ ಮೇಲೆ ಮಲಗಿಸಿದ ಮೊದಲ ದಿನವೇ ಅವರು ಮಗನನ್ನು ಕೇಳಿದರು: "ಮುಂಜಿ ಯಾವಾಗ ಮಾಡ್ಸಾನ?"

ನಮ್ಮ ಕಡೆ ಸುನ್ನತಿಗೆ ಮುಂಜಿ ಎಂದೇ ಹೇಳುವುದು. ಐದಾರು ವರ್ಷ ತುಂಬಿದ ಮೇಲೆ ಹೊಸ ಬಟ್ಟೆ ತೊಡಿಸಿ, ಕೊರಳಿಗೆ ಹಾರ ಹಾಕಿ, ಊರ ಮುಂದೆ ಮೆರೆಸಿಕೊಂಡು ಬಂದು ಮಾಡಿಸುವುದು ರೂಢಿ. ಅತ್ತೆ ಕೇಳಿದ್ದು ಆ ಲೆಕ್ಕದಲ್ಲಿ, ಮುಂದೆ ಯಾವಾಗಲೋ ಎಂಬ ಹಾಗೆ. ಆದರೆ ನನ್ನ ಗಂಡ ಥಟ್ಟನೆ "ಈ ತಿಂಗಳೇ" ಎಂದುಬಿಟ್ಟರು.

ಅವರಿಗೆ ಅವರದೇ ಕಾರಣವಿತ್ತು. ಅವರ ಮುಂಜಿ ಆರನೆಯ ವಯಸ್ಸಿನಲ್ಲಿ ಆಗಿತ್ತು. ಸುದ್ದಿ ತಿಳಿದು ಹತ್ತಿಯ ರಾಶಿಯೊಳಗೆ ಅಡಗಿ ಕೂತಿದ್ದ ಹುಡುಗನನ್ನು ಮಾವಂದಿರಿಬ್ಬರು ಎಳೆದು ತಂದರಂತೆ. ಕ್ಷೌರದವನು ಗಾಯಕ್ಕೆ ಬೂದಿ ಒತ್ತಿದ, ಗಾಯ ಕೀವಾಯಿತು, ಜ್ವರ ಬಂತು. ಗಾಯಕ್ಕೆ ಬಟ್ಟೆ ತಾಗದಂತೆ ಲುಂಗಿಯನ್ನು ಎತ್ತಿ ಹಿಡಿದುಕೊಂಡೇ ವಾರಗಟ್ಟಲೆ ನಡೆದದ್ದನ್ನು ಮದುವೆಯಾದ ಹೊಸದರಲ್ಲಿ ನಗುತ್ತ ಹೇಳಿದ್ದರು. ಆ ನಗುವಿನಲ್ಲಿ ನಗು ಇರಲಿಲ್ಲ.

"ಎಳೆಗೂಸಿಗೆ ಮಾಡಿಸಿದರೆ ಬೇಗ ಮಾಯುತ್ತಂತೆ. ಅವನಿಗೆ ತಿಳಿವಳಿಕೆ ಬರೋದರೊಳಗೆ ಮುಗಿದೇ ಹೋಗಿರುತ್ತೆ," ಎಂದರು. ಕಾರ್ಖಾನೆಯ ಸಹೋದ್ಯೋಗಿಯೊಬ್ಬರ ಮಗುವಿಗೆ ಸರ್ಜನ್ ಒಬ್ಬರು ಮನೆಗೇ ಬಂದು ಮಾಡಿದ್ದರು. ಮನೆಯಲ್ಲೇ ಆಗುತ್ತದೆ ಎಂದ ಮೇಲೆ ಅತ್ತೆಯೂ ಒಪ್ಪಿದರು. ಮೆರವಣಿಗೆ ಇಲ್ಲವೆಂಬ ಕೊರಗು ಮಾತ್ರ ಇತ್ತು.

ಕೆಳಗಿನ ಮನೆಯಲ್ಲಿ ಮೈಸೂರಿನ ದಂಪತಿ ಇದ್ದರು. ಗಂಡ ಕೇಂದ್ರ ಸರ್ಕಾರದ ಅಧಿಕಾರಿ. ಹೆಂಡತಿಗೆ ನನ್ನ ತಾಯಿ ಬದುಕಿದ್ದರೆ ಆಗುತ್ತಿದ್ದಷ್ಟು ವಯಸ್ಸು. ಇಡೀ ಬ್ಲಾಕಿನಲ್ಲಿ ಕನ್ನಡದ ಮನೆಗಳೆಂದರೆ ನಮ್ಮೆರಡೇ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಮಧ್ಯಾಹ್ನ ತಾರಸಿಯ ಬಿಸಿಲಿನಲ್ಲಿ ಅತ್ತೆ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಾಗ ಆಂಟಿಯೂ ಬಟಾಣಿ ಬಿಡಿಸಲು ಮೇಲೆ ಬರುತ್ತಿದ್ದರು.

"ಬರೋ ಭಾನ್ವಾರ ಮೊಮ್ಮಗಂದು ಮುಂಜಿ ಇಟ್ಕಂಡೀವಿ, ಬರಬೇಕು ನೀವು," ಎಂದರು ಅತ್ತೆ.

ಆಂಟಿಯ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಹಾಗೆಯೇ ನಿಂತಿತು. "ಮುಂಜೀನಾ? ನಿಮ್ಮಲ್ಲೂ ಉಪನಯನ ಮಾಡ್ತೀರೇನ್ರೀ? ಅದೂ ಇಷ್ಟು ಚಿಕ್ಕ ಕೂಸಿಗೆ! ನಮ್ಮವನಿಗೆ ಎಂಟು ವರ್ಷಕ್ಕೆ ಮಾಡಿದ್ದು."

ಅತ್ತೆಗೆ ಅರ್ಥವಾಗಲಿಲ್ಲ. "ನಿಮ್ ಹುಡುಗಂಗೂ ಮಾಡ್ಸೀರಾ?" ಎಂದು ಅವರು ಹುಬ್ಬೇರಿಸಿದರು.

ನಾನು ನಡುವೆ ಬಂದು ಬಿಡಿಸಿ ಹೇಳುವಷ್ಟರಲ್ಲಿ ಇಬ್ಬರೂ ತಾವೇ ತಿಳಿದುಕೊಂಡು, ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗು ನಿಂತ ಮೇಲೆ ಆಂಟಿ ಮಗುವಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೋಡಿದರು. "ಕಾಮಾಲೆ ಪೂರ್ತಿ ಇಳಿದಿದೆಯಾ? ಅದಿಲ್ಲದೆ ಯಾವ ಡಾಕ್ಟರೂ ಕೈ ಹಾಕಬಾರದು ಕಣಮ್ಮ."

ಅದು ನಮ್ಮೆಲ್ಲರ ಚಿಂತೆಯಾಗಿತ್ತು. ಹುಟ್ಟಿದ ಮೊದಲ ವಾರ ಮಗು ಅರಿಸಿನದ ಬಣ್ಣಕ್ಕೆ ತಿರುಗಿ, ನೀಲಿ ದೀಪದ ಕೆಳಗೆ ಮಲಗಿ ಬಂದಿತ್ತು. ನರ್ಸಿಂಗ್ ಹೋಮಿನವರು, ನಾವು, ಬಂದುಹೋದವರು, ಎಲ್ಲರೂ ನೋಡಿದ್ದು ಅದರ ಕಣ್ಣು, ಅದರ ಅಂಗಾಲು. ಉಳಿದ ಕಡೆ ಯಾರೂ ಅಷ್ಟು ನಿಗಾ ಕೊಟ್ಟಿರಲಿಲ್ಲ.

ಸರ್ಜನ್ ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನು ನನ್ನ ಗಂಡ ಸ್ಪೀಕರ್ ಹಾಕಿ ನಮಗೂ ಕೇಳಿಸಿದರು. ಮಗು ತಿಂಗಳು ತುಂಬಿ ಹುಟ್ಟಿದ್ದೇ? ತೂಕ ಏರುತ್ತಿದೆಯೇ? ಕಾಮಾಲೆ ಇಳಿದಿದೆಯೇ? ರಕ್ತ ಹೆಪ್ಪುಗಟ್ಟಲೆಂದು ಹುಟ್ಟಿದ ಕೂಡಲೇ ಕೊಡುವ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ? ಕೊನೆಗೆ, "ತಾಯಿಯ ಕಡೆಯಾಗಲಿ ತಂದೆಯ ಕಡೆಯಾಗಲಿ, ಹಲ್ಲು ಕಿತ್ತಾಗಲೋ ಪೆಟ್ಟಾದಾಗಲೋ ರಕ್ತ ನಿಲ್ಲದೆ ಕಷ್ಟಪಟ್ಟವರು ಯಾರಾದರೂ ಇದ್ದಾರೆಯೇ? ಮುಖ್ಯವಾಗಿ ತಾಯಿಯ ಅಣ್ಣತಮ್ಮಂದಿರು, ಸೋದರಮಾವಂದಿರು?"

ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಇಂಜೆಕ್ಷನ್ ಆಗಿದೆಯೆಂದು ಖಾತ್ರಿ ಮಾಡಿಕೊಂಡೆವು. ನನ್ನ ಅಣ್ಣನಿಗೂ ಫೋನ್ ಹೋಯಿತು. "ನನ್ನ ಹಲ್ಲಿನ ಸುದ್ದಿ ನಿನಗ್ಯಾಕೆ?" ಎಂದು ಅವನು ಗೊಂದಲಗೊಂಡ. ಅವನಿಗೆ ಅಂಥದ್ದೇನೂ ಆಗಿರಲಿಲ್ಲ.

ಭಾನುವಾರ ಬಂತು. ಡಾಕ್ಟರು ಹೇಳಿದ್ದಂತೆ ಊಟದ ಮೇಜನ್ನು ಕಿಟಕಿಯ ಬಳಿಗೆ ಎಳೆದು, ಸೋಪಿನ ನೀರಿನಲ್ಲಿ ಒರೆಸಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದೆವು. ಮಗುವಿಗೆ ಥಂಡಿಯಾಗಬಾರದೆಂದು ಆಂಟಿಯ ಮನೆಯ ಹೀಟರೂ ಬಂತು. ಅಡುಗೆಮನೆಯಲ್ಲಿ ಅತ್ತೆ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದರು. ಹಾಲು ಎಷ್ಟು ಮುಂಚೆ ಕುಡಿಸಬೇಕೆಂದು ಡಾಕ್ಟರು ತಿಳಿಸಿದ್ದರು. ಕುಡಿಸಿ ಮುಗಿಸಿದ ಮೇಲೆ ನನ್ನ ಕೈಗೆ ಮಾಡಲು ಕೆಲಸವೇ ಉಳಿಯಲಿಲ್ಲ. "ನೀ ಒಳಗಿರು, ತಾಯಿ ನೋಡಬಾರದು," ಎಂದಿದ್ದರು ಅತ್ತೆ. ನಾನು ಕೋಣೆಯ ಬಾಗಿಲನ್ನು ಅರ್ಧ ತೆರೆದು ನಿಂತೆ.

ಡಾಕ್ಟರು ಐವತ್ತರ ಆಸುಪಾಸಿನವರು. ಮೃದು ಮಾತು. ಜೊತೆಗೆ ಒಬ್ಬ ನರ್ಸು. ಕೈ ತೊಳೆದು, ಗ್ಲೌಸ್ ಹಾಕಿ, ಲಂಗೋಟಿ ಬಿಚ್ಚಿಸಿ ಮಗುವಿನ ಮೇಲೆ ಬಾಗಿದರು. ಬಾಗಿದವರು ಬಹಳ ಹೊತ್ತು ಏಳಲಿಲ್ಲ. ಬೆರಳ ತುದಿಯಿಂದ ಚರ್ಮವನ್ನು ಸರಿಸಿ ಒಂದು ಬದಿಯಿಂದ ನೋಡಿದರು, ಕಿಟಕಿಯ ಪರದೆ ಪೂರ್ತಿ ತೆಗೆಯಿಸಿ ಇನ್ನೊಂದು ಬದಿಯಿಂದ ನೋಡಿದರು. ಇನ್ನೂ ಯಾವ ಸಲಕರಣೆಯನ್ನೂ ಹೊರಗೆ ತೆಗೆದಿರಲಿಲ್ಲ.

"ತಾಯಿಯನ್ನು ಕರೆಯಿರಿ," ಎಂದರು ಹಿಂದಿಯಲ್ಲಿ.

ಅತ್ತೆ ತಡೆಯುವ ಮೊದಲೇ ನಾನು ಹೊರಗೆ ಬಂದಿದ್ದೆ.

"ಬೇಟಾ, ಮಗು ಉಚ್ಚೆ ಹೊಯ್ಯುವಾಗ ನೋಡಿದ್ದೀಯಲ್ಲ. ಧಾರೆ ಎಲ್ಲಿಗೆ ಹೋಗುತ್ತದೆ? ಮೇಲಕ್ಕೋ, ಮುಂದಕ್ಕೋ, ಕೆಳಕ್ಕೋ?"

"ಕೆಳಗೆ," ಎಂದೆ. "ಕಾಲಿನ ಕಡೆಗೆ. ಯಾವಾಗಲೂ ಹಿಮ್ಮಡಿಯೇ ಒದ್ದೆಯಾಗೋದು."

ಅವರು ತಲೆಯಾಡಿಸಿದರು, ಗ್ಲೌಸ್ ತೆಗೆದರು, ಲಂಗೋಟಿಯನ್ನು ತಾವೇ ಕಟ್ಟಿದರು. "ಇವತ್ತು ಮಾಡುವುದಿಲ್ಲ."

ನನ್ನ ಗಂಡ ಮೇಜಿನ ಅಂಚು ಹಿಡಿದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ, ಅವರ ಹಿಂದೆ ಆಂಟಿ. ಮಗು ತನ್ನ ಮುಷ್ಟಿ ಚೀಪುತ್ತಿತ್ತು.

ಡಾಕ್ಟರು ಕುರ್ಚಿ ಎಳೆದು ಕುಳಿತು, ನಮ್ಮನ್ನೂ ಕೂರಿಸಿ, ನಿಧಾನವಾಗಿ ವಿವರಿಸಿದರು. ಮೂತ್ರದ ರಂಧ್ರ ಇರಬೇಕಾದ್ದು ತುದಿಯಲ್ಲಿ. ನಮ್ಮ ಮಗುವಿಗೆ ಅದು ಸ್ವಲ್ಪ ಕೆಳಗೆ, ಅಡಿಭಾಗದಲ್ಲಿ ತೆರೆದಿತ್ತು. ಮುಂದೊಗಲು ಸುತ್ತಲೂ ಬೆಳೆದಿರದೆ ಮೇಲ್ಭಾಗದಲ್ಲಿ ಮಾತ್ರ ಟೋಪಿಯಂತೆ ಕೂತಿತ್ತು. ತೀರಾ ಅಪರೂಪವೇನಲ್ಲ, ಆಗಾಗ ನೋಡುತ್ತೇನೆ ಎಂದರು. ಗರ್ಭದಲ್ಲಿ ಬೆಳೆಯುವಾಗಲೇ ಆಗುವಂಥದ್ದು, ನಾನು ತಿಂದದ್ದರಿಂದಲೋ ಬಿಟ್ಟದ್ದರಿಂದಲೋ ಆದದ್ದಲ್ಲ. ಹೀಗೆ ಹೇಳುವಾಗ ಅವರು ನನ್ನ ಕಡೆಗೇ ನೋಡುತ್ತಿದ್ದರು. ನಾನು ಆ ಪ್ರಶ್ನೆಯನ್ನು ಇನ್ನೂ ಕೇಳಿರಲಿಲ್ಲ.

"ಇದನ್ನು ಆಪರೇಷನ್ ಮಾಡಿ ಸರಿಪಡಿಸಬಹುದು. ಆದರೆ ಸರಿಪಡಿಸಲು ಆ ಸರ್ಜನ್‌ಗೆ ಚರ್ಮ ಬೇಕಾಗಬಹುದು. ಬೇಕಾಗುವುದು ಇದೇ ಚರ್ಮ. ಇವತ್ತು ನಾನು ಕತ್ತರಿಸಿ ಎಸೆದರೆ ನಾಳೆ ಅವನು ಎಲ್ಲಿಂದ ತರುತ್ತಾನೆ? ಅಚ್ಛಾ, ಗಾಬರಿಯಾಗಬೇಡಿ. ಇದು ಹಗುರವಾದದ್ದೇ. ಮಕ್ಕಳ ಸರ್ಜನ್‌ಗೆ ತೋರಿಸಿ. ಅಲ್ಲಿಯವರೆಗೆ ಯಾರು ಎಷ್ಟೇ ಹೇಳಲಿ, ಎಲ್ಲಿಯೂ ಸುನ್ನತಿ ಮಾಡಿಸಬೇಡಿ."

ನನ್ನ ಗಂಡ ಇದನ್ನು ಕನ್ನಡದಲ್ಲಿ ಅತ್ತೆಗೆ ಹೇಳಿದರು. ಅವರು ಅಳುತ್ತಾರೆಂದು ನಾನು ಅಂದುಕೊಂಡಿದ್ದೆ. ಬದಲಿಗೆ ಅವರ ಮುಖ ಅರಳಿತು. ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಮಗುವಿನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಪೈಗಂಬರಿ ಸುನ್ನತಿ ಕಣಪ್ಪ ಇದು! ಹೊಟ್ಟ್ಯಾಗೇ ದೇವದೂತರು ಮಾಡಿ ಕಳಿಸ್ಯಾರೆ. ಲಕ್ಷಕ್ಕೊಬ್ಬರಿಗೆ ಆಗೋದು. ಮನುಷ್ಯರು ಮುಟ್ಟಬಾರದು ಅದುನ್ನ."

ಡಾಕ್ಟರಿಗೆ ಮಾತು ಗೊತ್ತಾಗದಿದ್ದರೂ 'ಪೈಗಂಬರಿ' ಎಂಬ ಶಬ್ದ ಕೇಳಿಸಿತು. ಈ ನಂಬಿಕೆ ಅವರಿಗೆ ಹೊಸದಾಗಿರಲಿಲ್ಲ. "ಅಮ್ಮಾಜಿ," ಎಂದರು, "ಭಾಗ್ಯವಂತ ಅಂತಲೇ ತಿಳಿಯಿರಿ, ನಾನು ಬೇಡ ಅನ್ನಲ್ಲ. ಆದರೆ ಆಪರೇಷನ್ ಮಾತ್ರ ತಪ್ಪಿಸಬೇಡಿ."

ಶಾವಿಗೆ ಪಾಯಸವನ್ನು ಎಲ್ಲರೂ ತಿಂದರು. ಡಾಕ್ಟರೂ ಒಂದು ಬಟ್ಟಲು ತಿಂದು ಹೊರಟರು. ಕೋಣೆಗೆ ಹೋಗಿ ಮಗುವಿಗೆ ಹಾಲು ಕೊಡುತ್ತ ಕುಳಿತಾಗ ನನಗೆ ಅಳು ಬಂತು. ಆಂಟಿ ಬಾಗಿಲು ಮುಂದೆ ಮಾಡಿ ಪಕ್ಕದಲ್ಲಿ ಕುಳಿತರು. "ಆಸ್ಪತ್ರೆಗೆ ಹೋಗೋ ದಿನ ಹೇಳು, ನಾನೂ ಬರ್ತೀನಿ," ಎಂದರು ಅಷ್ಟೇ.

ಊರಿಗೆ ಸುದ್ದಿ ಹೋದದ್ದು ಅತ್ತೆಯ ರೀತಿಯಲ್ಲಿ. ದೊಡ್ಡಪ್ಪ, ಚಿಕ್ಕಪ್ಪ, ಅವರ ಬೀಗರು, ಎಲ್ಲರೂ ಫೋನ್ ಮಾಡಿ ಸಂತೋಷಪಟ್ಟರು. ಆಪರೇಷನ್ ಎಂದ ಕೂಡಲೇ ದನಿ ಬದಲಾಗುತ್ತಿತ್ತು. ದೇವರು ಮಾಡಿದ್ದಕ್ಕೆ ಕತ್ತರಿ ಹಾಕಬೇಡಿ ಎಂಬುದು ಎಲ್ಲರ ಮಾತು. ನನಗೆ ಆಶ್ಚರ್ಯವಾದದ್ದು ನನ್ನ ಗಂಡನ ವಿಷಯದಲ್ಲಿ. ಈ ತಿಂಗಳೇ ಆಗಲಿ ಎಂದಿದ್ದವರು ಈಗ "ನೋಡೋಣ, ಅವಸರವೇನು" ಎನ್ನತೊಡಗಿದರು. ಮಕ್ಕಳ ಸರ್ಜನ್‌ಗೆ ತೋರಿಸಲು ನಾನು ಹೋದದ್ದು ಆಂಟಿಯ ಜೊತೆ, ಆಟೋದಲ್ಲಿ. ದೊಡ್ಡ ಸರ್ಕಾರಿ ಆಸ್ಪತ್ರೆ, ಉದ್ದ ಸಾಲು, ಯಾರ್‍ಯಾರದೋ ಮಕ್ಕಳ ಅಳು. ಅಲ್ಲಿನ ಸರ್ಜನ್ ಹೆಂಗಸು. ಮೊದಲಿನ ಡಾಕ್ಟರು ಹೇಳಿದ್ದನ್ನೇ ಹೇಳಿದರು. ಆರು ತಿಂಗಳು ದಾಟಿದ ಮೇಲೆ, ವರ್ಷ ತುಂಬುವ ಹೊತ್ತಿಗೆ ಮಾಡುವುದು ಒಳ್ಳೆಯದೆಂದರು. "ಚರ್ಮ ಹಾಗೇ ಉಳಿಸಿಕೊಂಡು ಬಂದಿದ್ದೀರಿ, ಒಳ್ಳೆಯದಾಯಿತು. ಮುಂಚೆಯೇ ಸುನ್ನತಿ ಮಾಡಿಸಿಬಿಟ್ಟು ಆಮೇಲೆ ನನ್ನ ಹತ್ತಿರ ಬರುವವರೂ ಇದ್ದಾರೆ," ಎಂದರು.

ಮನೆಗೆ ಬಂದು ಹೇಳಿದಾಗ ಗಂಡ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಹಗುರವಾದದ್ದು ಅಂದಿದ್ದಾರಲ್ಲ. ಹಾಗೇ ಇದ್ದರೆ ಏನಾಗುತ್ತೆ? ಅವನನ್ನು ಆ ಮೇಜಿನ ಮೇಲೆ ಮಲಗಿಸಿದಾಗ ಹತ್ತಿ ರಾಶಿಯಿಂದ ನನ್ನನ್ನು ಎಳೆದು ತಂದದ್ದೇ ಕಣ್ಣ ಮುಂದೆ ಬಂತು. ಡಾಕ್ಟರು ಬೇಡ ಅಂದರಲ್ಲ, ಆಗ ನನಗೆ ದುಃಖ ಆಗಲಿಲ್ಲ ಕಣೇ. ಜೀವ ಬಂದ ಹಾಗಾಯಿತು."

ನಾನು ಜಗಳವಾಡಲಿಲ್ಲ. ಅವರು ಹೆದರಿದ್ದು ಆರು ವರ್ಷದ ಹುಡುಗನಿಗಾಗಿ ಎಂದು ಗೊತ್ತಿತ್ತು. ಆ ಹುಡುಗನಿಗೆ ನಾನೇನು ಹೇಳಲಿ?

ಆ ಮಾತನ್ನು ಮುಗಿಸಿದ್ದು ಅತ್ತೆ. ಬೇಸಿಗೆಗೆ ಊರಿಗೆ ಹೋಗಿದ್ದವರು ಮಳೆಗಾಲದ ಕೊನೆಗೆ ಮತ್ತೆ ಬಂದಿದ್ದರು. ಮಗು ಆಗ ಸೋಫಾ ಹಿಡಿದು ನಿಲ್ಲುತ್ತಿತ್ತು. ಒಂದು ರಜೆಯ ಬೆಳಿಗ್ಗೆ ಬಾಲ್ಕನಿಯಲ್ಲಿ ಸ್ನಾನಕ್ಕೆಂದು ನಿಲ್ಲಿಸಿದಾಗ ಉಚ್ಚೆ ಹೊಯ್ದಿತು. ಧಾರೆ ತೊಡೆ ಬಳಸಿ ಪಾದಕ್ಕೆ ಇಳಿಯಿತು. ಅತ್ತೆ ಚೊಂಬು ಹಿಡಿದು ನೋಡುತ್ತ ನಿಂತರು. ಮಧ್ಯಾಹ್ನ ಊಟವಾದ ಮೇಲೆ ಮಗನನ್ನೂ ನನ್ನನ್ನೂ ಕರೆದು ಕೂರಿಸಿಕೊಂಡರು.

"ನಮ್ಮ ತವರೂರಾಗೆ ಒಬ್ಬ ಇದ್ದ, ನಮ್ಮಪ್ಪನ ಸೋದರತ್ತೆ ಮಗ. ಅವಂಗೂ ಪೈಗಂಬರಿ ಸುನ್ನತಿ ಆಗಿತ್ತು. ಊರಿಗೂರೇ ಅವನ ಕೈ ಮುಟ್ಟಿ ಕಣ್ಣಿಗೊತ್ಕಣೋದು. ಹಬ್ಬದಾಗೆ ಮೊದಲ ತುತ್ತು ಅವಂಗೇ." ಸೆರಗು ಸರಿಮಾಡಿಕೊಂಡರು. "ಅವನು ಮಾತ್ರ ಒಂದಿನಾನೂ ಗೆಣಿಕಾರ ಹುಡುಗರ ಜತಿಗೆ ಬಯಲಿಗೆ ಹೋಗಲಿಲ್ಲ. ದೂರ ಹೋಗಿ ಒಬ್ಬನೇ ಕೂರೋನು. ನಮಾಜಿಗೆ ಹೋಗ್ಬೇಕಂದ್ರೆ ಮೂರು ಸಲ ಬಟ್ಟೆ ಬದಲಾಯ್ಸೋನು. ಮದುವಿ ಆತು, ಮಕ್ಕಳಾಗಲಿಲ್ಲ. ಊರೆಲ್ಲ ಹೆಂಡತಿಗೆ ಬಂಜಿ ಅಂತು. ಆಕಿ ನನ್ನ ಹತ್ರ ಅತ್ತಿದ್ದು ನಂಗೊತ್ತು, ಯಾತಕ್ಕೆ ಅತ್ಲು ಅನ್ನೋದೂ ಗೊತ್ತು. ಅವನದು ಇದಕ್ಕಿಂತ ಜಾಸ್ತಿ ಇತ್ತೋ ಏನೋ. ಆದ್ರೆ ಒಳಗಿಂದು ಯಾರೂ ಕೇಳಲಿಲ್ಲ, ಕೈ ಮುಗಿದು ಸುಮ್ಕಾದ್ರು."

"ಅವ್ವ, ಮತ್ತೆ ನೀನೇ ಎಲ್ಲರಿಗೂ..." ಎಂದರು ಗಂಡ.

"ಹೂಂ, ನಾನೇ ಹೇಳಿದ್ದು. ನನ್ ಮೊಮ್ಮಗಂಗೆ ಕೊರತಿ ಐತಿ ಅಂತ ಯಾವ ಬಾಯಾಗೆ ಹೇಳಲಿ? ಈಗ ನಾನೇ ಹೇಳ್ತೀನಿ, ಆಪರೇಷನ್ ಮಾಡ್ಸು. ಊರಿನೋರು ಏನಾರ ಅಂದ್ರೆ ನನ್ನ ಜತಿಗೆ ಮಾತಾಡ್ಲಿ."

ಗಂಡ ಎದ್ದು ಬಾಲ್ಕನಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, "ಬರೋ ವಾರ ರಜ ಹಾಕ್ತೀನಿ. ಚಲೋ, ಹೋಗಿ ದಿನ ಗೊತ್ತು ಮಾಡಿಕೊಂಡು ಬರೋಣ," ಎಂದರು.

ಆಪರೇಷನ್ ಆದದ್ದು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ತುಸು ಮುಂಚೆ. ಬಾಗಿಲ ಹೊರಗೆ ನಾವು ಮೂವರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಸಣ್ಣ ನಳಿಕೆ, ಅದನ್ನು ಎಳೆಯದಂತೆ ಸದಾ ಕಾವಲು, ಆಟವಾಡಬೇಕೆಂಬ ಮಗುವಿನ ಹಟ. ಗಂಡ ರಜ ಮುಂದುವರಿಸಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಿಂದ ವಿಮಾನ ತೋರಿಸುತ್ತಿದ್ದರು. ನಳಿಕೆ ತೆಗೆದ ದಿನ ಧಾರೆ ನೇರವಾಗಿ ಮುಂದಕ್ಕೆ ಹಾರಿ ಸರ್ಜನ್‌ರ ಬಿಳಿ ಕೋಟನ್ನು ನೆನೆಸಿತು. ಅವರು ಜೋರಾಗಿ ನಕ್ಕರು. ಅತ್ತೆಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ನನ್ನನ್ನು ಮುಂದೆ ದೂಡಿ ಕೇಳಿಸಿದರು: ಹಾಗಾದರೆ ಮುಂಜಿಯೂ ಆಯಿತೋ, ಇಲ್ಲವೋ?

"ಹೋ ಗಯಾ, ಅಮ್ಮಾಜಿ," ಎಂದರು ಸರ್ಜನ್. ಸರಿಪಡಿಸುವಾಗ ಉಳಿದ ಚರ್ಮವನ್ನೂ ತೆಗೆದಾಗಿತ್ತು.

ಮುಂದೆ ಕಾರ್ಖಾನೆಯಲ್ಲಿ ಯಾರಿಗೆ ಗಂಡುಮಗು ಹುಟ್ಟಿದರೂ ನನ್ನ ಗಂಡನಿಗೆ ಸುದ್ದಿ ಬರುತ್ತಿತ್ತು. ಮಾತು ಕಡಿಮೆಯ ಮನುಷ್ಯ, ಈ ಒಂದು ವಿಷಯದಲ್ಲಿ ಮಾತ್ರ ಹಿಂಜರಿಯುತ್ತಿರಲಿಲ್ಲ. "ಮೊದಲು ಮಕ್ಕಳ ಡಾಕ್ಟರಿಗೆ ಹಗಲು ಬೆಳಕಿನಲ್ಲಿ ಸರಿಯಾಗಿ ನೋಡಲು ಹೇಳಿ. ರಂಧ್ರ ಎಲ್ಲಿದೆ, ಧಾರೆ ಎತ್ತ ಹೋಗುತ್ತೆ ಅಂತ ಕೇಳಿ. ಆಮೇಲೆ ದಿನ ಇಟ್ಟುಕೊಳ್ಳಿ," ಎನ್ನುತ್ತಿದ್ದರು. ಬರುವವರು ನಿಜವಾಗಿ ಸರ್ಜನ್ ಹೌದೇ, ನೋವಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆಯೇ, ಏನಾದರೂ ಆದರೆ ಯಾವ ಆಸ್ಪತ್ರೆಗೆ ಓಡಬೇಕು, ಇವೆಲ್ಲವನ್ನೂ ಮೊದಲೇ ಕೇಳಲು ಹೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ನಮಗೇ ಎರಡನೆಯ ಮಗ ಹುಟ್ಟಿದ. ಮಕ್ಕಳ ಡಾಕ್ಟರು ಅವನನ್ನು ನೋಡಿ ಎಲ್ಲ ಸರಿಯಿದೆ ಎಂದ ಮೇಲೆ ಅದೇ ಮೃದು ಮಾತಿನ ಸರ್ಜನ್ ಮನೆಗೆ ಬಂದರು. ತಾವೂ ಇನ್ನೊಮ್ಮೆ ನಿಧಾನವಾಗಿ ನೋಡಿದರು. ಈ ಸಲ ನಾನು ಕೋಣೆಯಲ್ಲಿ ಅಡಗಲಿಲ್ಲ, ಅತ್ತೆಯೂ ಹೋಗೆನ್ನಲಿಲ್ಲ. ಗಂಡ ಮಗುವಿನ ಎರಡು ಕೈ ಹಿಡಿದುಕೊಂಡರು. ಇಂಜೆಕ್ಷನ್ ಚುಚ್ಚಿದಾಗ ಮಗು ಕಿರುಚಿತು, ಆಮೇಲೆ ಮುಲುಗಿತು. ನಾನು ಅಂದುಕೊಂಡಿದ್ದಕ್ಕಿಂತ ಬೇಗ ಕೆಲಸ ಮುಗಿದು, ಒಂದು ಪುಟ್ಟ ಪ್ಲಾಸ್ಟಿಕ್ ಉಂಗುರ ಅಲ್ಲಿ ಉಳಿಯಿತು. ಕೆಲವು ದಿನಗಳಲ್ಲಿ ತಾನಾಗಿ ಬೀಳುತ್ತದೆ, ಎಳೆಯಬೇಡಿ ಎಂದರು ಡಾಕ್ಟರು. ಬೂದಿ, ಅರಿಸಿನ, ಪೌಡರು ಏನೂ ಬೇಡ. ಗಾಯದ ಮೇಲೆ ತೆಳ್ಳಗೆ ಹಳದಿ ಪೊರೆ ಕಂಡರೆ ಅದು ಮಾಯುವ ಲಕ್ಷಣ, ಕೀವೆಂದು ಉಜ್ಜಬೇಡಿ. ಊತ ಏರುತ್ತ ಹೋದರೆ, ಜ್ವರ ಬಂದರೆ, ಹಾಲು ಬಿಟ್ಟರೆ ಕಾಯಬೇಡಿ. ಚುಕ್ಕಿಯಷ್ಟು ರಕ್ತ ಸಹಜ. ಬಟ್ಟೆ ನೆನೆಯುವಂತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ, ನನಗೆ ಫೋನ್ ಮಾಡುತ್ತ ಹೊತ್ತು ಕಳೆಯಬೇಡಿ. ಮಗು ಮೂತ್ರ ಮಾಡುತ್ತಿದೆಯೇ ಎಂಬುದನ್ನು ಮಾತ್ರ ಮರೆಯದೆ ನೋಡಿ, ಇಡೀ ದಿನ ಮಾಡದಿದ್ದರೆ ಕರೆದುಕೊಂಡು ಬನ್ನಿ.

ಮಗು ಹಾಲು ಕುಡಿದು ಮಲಗಿತು. ಅತ್ತೆ ಅದರ ಪಕ್ಕದಿಂದ ಏಳಲಿಲ್ಲ, ಊಟದ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡರು. ಬಿಸಿಲು ಬಾಲ್ಕನಿಯಿಂದ ಜಾರುವ ಹೊತ್ತಿಗೆ ಅವರ ಕೂಗು ಕೇಳಿ ಗಾಬರಿಯಿಂದ ಓಡಿಹೋದೆ. ಲಂಗೋಟಿ ಒದ್ದೆಯಾಗಿತ್ತು. ಅದನ್ನು ಅವರು ನನಗೆ ತೋರಿಸಿದರು, ಮಗನಿಗೆ ತೋರಿಸಿದರು, ದೊಡ್ಡ ಮೊಮ್ಮಗನಿಗೆ ತೋರಿಸಿದರು. ಆಮೇಲೆ ಬಾಲ್ಕನಿಗೆ ಹೋಗಿ, ಕೆಳಗಿನ ಮನೆಯ ಆಂಟಿಯನ್ನು ಕೂಗಿ ಕರೆದು ಅವರಿಗೂ ಹೇಳಿದರು. ಒದ್ದೆ ಬಟ್ಟೆಯೊಂದನ್ನು ಅಷ್ಟು ಸಂತೋಷದಿಂದ ಒಗೆದು ಹರವಿದವರನ್ನು ನಾನು ಬೇರೆ ಕಂಡಿಲ್ಲ.